ಮೊದಲು ಲಾರಿ, ಆಮೇಲೆ ಮನುಷ್ಯ

ಆಲ್ಟನ್, ಹ್ಯಾಂಪ್‌ಶೈರ್
ಭಾನುವಾರ, 19 ನವೆಂಬರ್ 1995

ಮಗಳೇ ಲೋರ್ನಾ,

ಕೆಟಲ್ ಕುದಿಯುತ್ತಿರಲಿಲ್ಲ. ನಿನ್ನೆ ಫೋನಿನಲ್ಲಿ "ತಡಿ, ನೀರು ಕುದೀತಿದೆ" ಎಂದು ಹೇಳಿ ಇಟ್ಟುಬಿಟ್ಟೆನಲ್ಲ, ಆಗ ಕೆಟಲ್ ಖಾಲಿಯಾಗಿ ಮೂಲೆಯಲ್ಲಿ ತಣ್ಣಗೆ ಕೂತಿತ್ತು. ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ನನಗೆ ಧೈರ್ಯ ಸಾಲಲಿಲ್ಲ, ಅಷ್ಟೇ ವಿಷಯ. ಆಮೇಲೆ ನೀನು ಎರಡು ಸಲ ಫೋನ್ ಮಾಡಿದೆ. ಅದು ಬಡಿದುಕೊಳ್ಳುವುದನ್ನು ಕುರ್ಚಿಯಲ್ಲಿ ಕೂತೇ ಕೇಳುತ್ತಿದ್ದೆ. ಕ್ಷಮಿಸು.

ಕಾರ್ಲೈಲ್‌ನ ಚಳಿಯಲ್ಲಿ ನೀವಿಬ್ಬರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಆಸ್ಪತ್ರೆಯಲ್ಲಿ ನಿನ್ನ ಪಾಳಿ ಬದಲಾಯಿತೇ? ಇಲ್ಲಿ ನನ್ನ ಮೊಣಕಾಲು ತನ್ನ ಪಾಡಿಗೆ ತಾನಿದೆ, ಮೆಟ್ಟಿಲು ಕಂಡಾಗ ಮಾತ್ರ ಮಾತಾಡುತ್ತದೆ. ಸೂರಿನ ದೋಣಿಯಲ್ಲಿ ಎಲೆ ತುಂಬಿಕೊಂಡು ಅಡುಗೆಮನೆ ಗೋಡೆಯ ಮೇಲೆ ನೀರು ಇಳಿಯುತ್ತಿದೆ. ನಮ್ಮ ಲಾರಿ ಸಂಘದ ಕ್ಲೆಮ್ ಹಾಚಿನ್ ಏಣಿ ತರುತ್ತೇನೆಂದು ಹೇಳಿ ಮೂರು ವಾರವಾಯಿತು. ಅವನಿಗೆ ಎಪ್ಪತ್ತೆಂಟು, ನನಗೆ ಅರವತ್ತೈದು. ಇಬ್ಬರಲ್ಲಿ ಯಾರು ಹತ್ತುವುದು ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಈ ಪತ್ರ ಮೇ ತಿಂಗಳಲ್ಲೇ ಬರೆಯಬೇಕಾದದ್ದು. ನಾಲ್ಕು ಸಲ ಶುರುಮಾಡಿದೆ. ನಿನಗೆ ಗೊತ್ತಲ್ಲ, ಮೇಷ್ಟರಾಗಬೇಕೆಂದು ಎರಡು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಮುಗಿಸದೆ ಬಿಟ್ಟು ಬಂದವನು ನಾನು. ಅಲ್ಲಿ ಕಲಿತದ್ದರಲ್ಲಿ ಈಗ ಉಳಿದಿರುವುದು ಚೂರುಪಾರು. ಒಂದು ಪದ್ಯದ ಅರ್ಧ ಸಾಲು ಆಗಾಗ ಬಾಯಿಗೆ ಬರುತ್ತದೆ. ಉಳಿದರ್ಧ "ಆದರೆ" ಎಂದು ಶುರುವಾಗುತ್ತದೆ ಎನ್ನುವುದಷ್ಟೇ ನೆನಪು. ಇನ್ನೊಂದು ಚೆನ್ನಾಗಿ ನೆನಪಿದೆ. ನಾನು ಬರೆದ ಒಂದು ಪ್ರಬಂಧದ ಅಂಚಿನಲ್ಲಿ ನಮ್ಮ ಅಧ್ಯಾಪಕರು ಕೆಂಪು ಶಾಯಿಯಲ್ಲಿ ಹೀಗೆ ಬರೆದಿದ್ದರು: "ಪರ್ಕಿಸ್, ನೀನು ಎಲ್ಲವನ್ನೂ ಸಾಬೀತು ಮಾಡುತ್ತೀಯ, ನಿನಗೇನೂ ಅರ್ಥವಾಗಿರುವುದಿಲ್ಲ." ಆಗ ನನಗೆ ಹತ್ತೊಂಬತ್ತು ವರ್ಷ. ಅದನ್ನು ನಾನು ಅರ್ಧ ಹೊಗಳಿಕೆ ಎಂದುಕೊಂಡಿದ್ದೆ.

ಇರಲಿ, ವಿಷಯಕ್ಕೆ ಬರುತ್ತೇನೆ. ಕಲ್ಲು ಕೆತ್ತುವ ಟಾಮ್ಸೆಟ್ ಶುಕ್ರವಾರದೊಳಗೆ ಅಕ್ಷರ ಬರೆದು ಕೊಡಿ ಎನ್ನುತ್ತಿದ್ದಾನೆ. ಹಿಮ ಬಿದ್ದರೆ ನೆಲ ಗಟ್ಟಿಯಾಗುತ್ತದೆ, ಮಾರ್ಚ್‌ವರೆಗೆ ಕಲ್ಲು ನಿಲ್ಲಿಸುವುದಕ್ಕೆ ಆಗುವುದಿಲ್ಲವಂತೆ. ನಿನ್ನ ಅಮ್ಮ ಹೋಗಿ ಎರಡೂವರೆ ವರ್ಷ. ಚರ್ಚಿನ ಹಿಂದೆ ಆ ಸಾಲಿನಲ್ಲಿ ಬರೀ ಹುಲ್ಲಿರುವುದು ಅವಳ ಜಾಗವೊಂದರಲ್ಲೇ. ಪಾದ್ರಿಯವರೂ ಒಂದು ಸಲ ಮೆಲ್ಲಗೆ ಕೇಳಿದರು.

ನೀನು ನಿನ್ನೆ ಹೇಳಿದೆ: "ಮ್ಯೂರಿಯಲ್, ಎಡ್ವಿನ್ ಹೆಂಡತಿ, ಲೋರ್ನಾ ತಾಯಿ. ಅಷ್ಟು ಸಾಕು ಅಪ್ಪ. ಅಜ್ಜಿ ಹೆಸರು ಯಾಕೆ? ಆಯಮ್ಮ ಅಮ್ಮನಿಗೆ ಜೀವಮಾನವಿಡೀ ಸುಳ್ಳು ಹೇಳಿದ್ಲು."

ನಾನು, ಅಜ್ಜಿಯ ಹೆಸರಿನ ಜೊತೆ ಅಜ್ಜನ ಹೆಸರನ್ನೂ ಹಾಕಿಸೋಣ ಅಂದೆ.

"ಯಾವ ಅಜ್ಜ? ಆ ಲಾರಿ ಪಕ್ಕ ನಿಂತಿದ್ನಲ್ಲ, ಅವನಾ? ಅವನು ಅಲ್ಲ ಅಂತ ತೋರಿಸಿಕೊಟ್ಟಿದ್ದು ನೀನೇ ಅಲ್ವಾ?"

ಕೆಟಲ್ ಕುದಿದದ್ದು ಆಗ.

ಹೌದು ಮಗಳೇ, ನಾನೇ. ಆದರೆ ನಾನು ತೋರಿಸಿಕೊಟ್ಟದ್ದು ತಪ್ಪು. ಇದನ್ನು ಬರೆಯುವುದಕ್ಕೆ ಇಷ್ಟು ದಿನ ಬೇಕಾಯಿತು. ಅದನ್ನು ತೋರಿಸಿಕೊಟ್ಟ ಆ ಭಾನುವಾರ ನೀನು ನರ್ಸಿಂಗ್ ಹಾಸ್ಟೆಲಿನಲ್ಲಿದ್ದೆ. ನಿನಗೆ ಗೊತ್ತಿರುವುದೆಲ್ಲ ಆಮೇಲೆ ನಿನ್ನ ಅಮ್ಮ ಹೇಳಿದ್ದು, ಅವಳೂ ಎರಡೇ ಮಾತಿನಲ್ಲಿ ಹೇಳಿ ಮುಗಿಸಿರುತ್ತಾಳೆ. ನಾನು ಮೊದಲಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನಿನ್ನ ಅಜ್ಜಿ ಎಲೆನ್ ಲೋವೆಲ್ ಇಪ್ಪತ್ತು ವರ್ಷದವಳಾಗಿದ್ದಾಗ ಆಲ್ಡರ್‌ಶಾಟ್‌ನಲ್ಲಿ ಬಟ್ಟೆ ಒಗೆಯುವ ಕಾರ್ಖಾನೆಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಸೈನ್ಯದ ಲಾರಿ ಓಡಿಸುವ ಆಲ್ಫ್ರೆಡ್ ಟ್ರಾಂಟರ್ ಎನ್ನುವ ಹುಡುಗನ ಜೊತೆ ಮದುವೆ ಮಾತಾಗಿತ್ತು. 1932ರ ಅಕ್ಟೋಬರಿನಲ್ಲಿ ವೇಲ್ಸ್‌ನ ಬೆಟ್ಟದ ದಾರಿಯೊಂದರಲ್ಲಿ ಲಾರಿ ಮಗುಚಿ ಅವನು ಸತ್ತ. ಎಲೆನ್‌ಗೆ ತಿಳಿದದ್ದು ಮೂರು ವಾರದ ಮೇಲೆ, ಅದೂ ಅವನ ಗೆಳೆಯನೊಬ್ಬ ದಾರಿಯಲ್ಲಿ ಸಿಕ್ಕಿದ್ದಕ್ಕೆ. ಹೆಂಡತಿಯಲ್ಲದವಳಿಗೆ ತಂತಿ ಕಳಿಸುವವರು ಯಾರು? ನಿನ್ನ ಅಮ್ಮ ಹುಟ್ಟಿದ್ದು ಮುಂದಿನ ಫೆಬ್ರವರಿಯಲ್ಲಿ. ಎಲೆನ್ ತಾನೇ ಒಂದು ಉಂಗುರ ಕೊಂಡು ಹಾಕಿಕೊಂಡು, ತಾನೇ ಮಿಸೆಸ್ ಲೋವೆಲ್ ಎಂದು ಕರೆದುಕೊಂಡು, ಬೇರೆ ಬೀದಿಯಲ್ಲಿ ಕೋಣೆ ಹಿಡಿದಳು. ಮಗುವಿಗೆ ಅಪ್ಪನೆಂದು ತೋರಿಸಲು ಆಕೆಯ ಹತ್ತಿರ ಇದ್ದದ್ದು ಒಂದೇ ಫೋಟೋ. ಆರು ಗಾಲಿಯ ಲಾರಿಯ ಮುಂದೆ, ಟೋಪಿ ಓರೆಮಾಡಿಕೊಂಡು, ಒಂದು ಕಾಲು ಮುಂದಿಟ್ಟು ನಗುತ್ತಾ ನಿಂತ ಹುಡುಗ. ನಮ್ಮ ಮದುವೆಯ ದಿನ ಅದಕ್ಕೆ ಕಟ್ಟು ಹಾಕಿಸಿ ಮಗಳಿಗೆ ಕೊಟ್ಟಳು. ಬೆಂಕಿಗೂಡಿನ ಮೇಲೆ ಗಡಿಯಾರದ ಎಡಕ್ಕೆ ಇರುತ್ತಿತ್ತಲ್ಲ, ನೀನು ಚಿಕ್ಕವಳಿದ್ದಾಗ "ಟೋಪಿ ತಾತ" ಎಂದು ಮುತ್ತು ಕೊಟ್ಟು ಗಾಜು ಕೊಳೆ ಮಾಡುತ್ತಿದ್ದೆ.

ಆ ಲಾರಿ ಯಾವ ಕಂಪನಿಯದು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀನು ಪತ್ರ ಮಡಚಿಬಿಡುತ್ತೀಯ. ನೀನೂ ನಿನ್ನ ಅಮ್ಮನೂ ಸೇರಿ ನನ್ನ ಲಾರಿ ಹುಚ್ಚನ್ನು ಎಷ್ಟು ಆಡಿಕೊಂಡಿದ್ದೀರಿ! "ಅಪ್ಪ ಮದುವೆ ಫೋಟೋ ನೋಡಿದ್ರೂ ಮದುಮಗಳನ್ನ ಬಿಟ್ಟು ಹಿಂದಿರೋ ವ್ಯಾನ್ ನೋಡ್ತಾರೆ" ಎಂದು ನೀನು ಹೇಳುತ್ತಿದ್ದೆ. ಅದು ನಿಜವೂ ಹೌದು. ಬಿಡಿಭಾಗದ ಉಗ್ರಾಣದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನ ಕಣ್ಣು ಇನ್ನೆಲ್ಲಿಗೆ ಹೋಗುತ್ತದೆ?

ನಮ್ಮ ಸಂಘದ ಪತ್ರಿಕೆ ಮೂರು ತಿಂಗಳಿಗೊಮ್ಮೆ ಬರುತ್ತದಲ್ಲ, ಅದರಲ್ಲಿ ಒಂದು ಪುಟ ನನ್ನದು. ಜನ ಅಜ್ಜನದೋ ಮಾವನದೋ ಹಳೆಯ ಫೋಟೋ ಕಳಿಸುತ್ತಾರೆ, ಇದು ಯಾವ ಲಾರಿ, ಯಾವ ವರ್ಷದ್ದು ಎಂದು ನಾವು ಹೇಳಬೇಕು. ಎರಡು ಯುದ್ಧಗಳ ನಡುವಿನ ಇಪ್ಪತ್ತು ವರ್ಷ ನನ್ನ ಪಾಲಿಗೆ ಬಂದದ್ದು. ಯುದ್ಧಕಾಲದ ಲಾರಿ ಗುರುತಿಸುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಈ ನಡುವಿನವು ತಬ್ಬಲಿಗಳು. ಆಗ ಸೈನ್ಯ ಒಂದೊಂದು ಕಂಪನಿಯಿಂದ ಸ್ವಲ್ಪ ಸ್ವಲ್ಪ ಕೊಳ್ಳುತ್ತಿತ್ತು. ಕ್ರಾಸ್ಲಿ, ಗೈ, ಆಲ್ಬಿಯನ್, ಮಾರಿಸ್ ಎಲ್ಲವೂ ದೂರದಿಂದ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ. ರೇಡಿಯೇಟರಿನ ಹೆಗಲು ದುಂಡೋ ಚೌಕವೋ ನೋಡಬೇಕು. ಬಾನೆಟ್ಟಿನ ಪಕ್ಕದ ಗಾಳಿಸೀಳುಗಳು ನಿಂತಿವೆಯೋ ಮಲಗಿವೆಯೋ, ಗಾಲಿಗೆ ಎಷ್ಟು ನಟ್ಟು, ಹಿಂದಿನ ನಾಲ್ಕು ಗಾಲಿಗಳ ನಡುವೆ ಸ್ಪ್ರಿಂಗು ಹೇಗೆ ಕೂತಿದೆ, ಇವನ್ನೆಲ್ಲ ನೋಡಿ ಕಡೆಗೆ ಪಟ್ಟಿ ತೆಗೆಯಬೇಕು. ಯಾವ ಲಾರಿ ಸೈನ್ಯಕ್ಕೆ ಯಾವ ವರ್ಷ ಬಂತು ಎನ್ನುವ ಪಟ್ಟಿ. ಅದು ನಮ್ಮ ಬೈಬಲ್.

ಇದರಲ್ಲಿ ನಮ್ಮದೊಂದು ಪದ್ಧತಿಯಿದೆ, ಕ್ಲೆಮ್ ಕಲಿಸಿದ್ದು. ಫೋಟೋದಲ್ಲಿ ಮನುಷ್ಯರಿದ್ದರೆ ಮೊದಲು ಅವರನ್ನು ಒಂದು ಕಾರ್ಡಿನಿಂದ ಮುಚ್ಚುತ್ತೇವೆ. "ಮೊದಲು ಲಾರಿ, ಆಮೇಲೆ ಮನುಷ್ಯ" ಎನ್ನುತ್ತಾನೆ ಅವನು. "ಮುಖ ನೋಡಿದ್ಯೋ, ಕಥೆ ಹುಟ್ಕೊಳ್ಳುತ್ತೆ. ಕಥೆ ಹುಟ್ತೋ, ನಟ್ಟು ಎಣಿಸೋದು ಮರೆತ್ಹೋಗುತ್ತೆ." ಅದರಲ್ಲಿ ಸತ್ಯವಿದೆ. ಒಬ್ಬ ಹೆಂಗಸು ತನ್ನ ಚಿಕ್ಕಪ್ಪ ಈಜಿಪ್ಟಿನಲ್ಲಿ ಲಾರಿ ಓಡಿಸುತ್ತಿದ್ದ ಫೋಟೋ ಎಂದು ಕಳಿಸಿದ್ದಳು. ಚಿಕ್ಕಪ್ಪನ ಮುಖ ಮುಚ್ಚಿ ನೋಡಿದರೆ ಅದು ಮೀನು ಸಾಗಿಸುವ ಗಾಡಿ. ಮರಳು ಯಾವುದೋ ಸಮುದ್ರದಂಡೆಯದು.

ಆ ಭಾನುವಾರ, 1978ರ ಅಕ್ಟೋಬರ್. ಎಲೆನ್ ಊಟಕ್ಕೆ ಬಂದಿದ್ದಳು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿದ್ದರೂ ನಾನು ಆಕೆಯನ್ನು ಎದುರಿಗೆ ಮಿಸೆಸ್ ಲೋವೆಲ್ ಎಂದೇ ಕರೆಯುತ್ತಿದ್ದೆ. ಆಕೆಗೂ ಅದೇ ಇಷ್ಟವಿತ್ತು. ಕುರಿಮಾಂಸ, ಆಲೂಗಡ್ಡೆ, ಪುದೀನ ಸಾಸ್. ಊಟದ ನಡುವೆ ಕಟ್ಟಿನ ಗಾಜು ಸೀಳಿದೆಯೆಂದು ಮ್ಯೂರಿಯಲ್ ಫೋಟೋ ಹೊರಗೆ ತೆಗೆದು ಮೇಜಿನ ಮೇಲಿಟ್ಟಳು. ಇಪ್ಪತ್ತೆರಡು ವರ್ಷ ಕಣ್ಣೆದುರಿಗಿದ್ದ ಫೋಟೋವನ್ನು ನಾನು ಒಂದು ದಿನವೂ ಲಾರಿಯವನ ಕಣ್ಣಿನಿಂದ ನೋಡಿರಲಿಲ್ಲ. ಅದು ಮನೆಯ ಸಾಮಾನು, ಗಡಿಯಾರದ ಹಾಗೆ. ಆವತ್ತು ಕೈಗೆ ಬಂತು. ಜೇಬಿನಲ್ಲಿ ಭೂತಗನ್ನಡಿ ಇದ್ದೇ ಇತ್ತು, ಪಕ್ಕದಲ್ಲಿ ಯಾರೋ ಕಳಿಸಿದ್ದ ಪೋಸ್ಟ್‌ಕಾರ್ಡೂ ಇತ್ತು. ಅಭ್ಯಾಸ ನೋಡು, ಕಾರ್ಡನ್ನು ತೆಗೆದು ಹುಡುಗನ ಮೇಲೆ ಇಟ್ಟೆ.

"ಅದ್ಯಾಕೆ ಅವನನ್ನ ಮುಚ್ತೀಯ?" ಎಂದಳು ಎಲೆನ್.

"ಸುಮ್ನೆ. ಲಾರಿ ನೋಡೋಕೆ."

"ಊಟದ ಹೊತ್ತಲ್ಲೂ ಶುರುವಾಯ್ತಾ?" ಎಂದು ನಿನ್ನ ಅಮ್ಮ ನಕ್ಕಳು. "ಬಿಡಮ್ಮ. ಇವರು ನನ್ನನ್ನ ಮೊದಲ ಸಲ ನೋಡಿದಾಗಲೂ ನಾನು ಯಾವ ವರ್ಷದ ಮಾಡೆಲ್ಲು ಅಂತಲೇ ಯೋಚಿಸಿರಬೇಕು."

ಎಲ್ಲರೂ ನಕ್ಕೆವು. ನಾವು ಮೂವರೂ ಸೇರಿ ನಕ್ಕದ್ದು ಅದೇ ಕೊನೆ.

ರೇಡಿಯೇಟರ್, ಗಾಳಿಸೀಳು, ನಟ್ಟು ಎಲ್ಲವೂ ಒಂದೇ ಮಾತು ಹೇಳುತ್ತಿದ್ದವು. ಪಟ್ಟಿ ನನಗೆ ಬಾಯಿಪಾಠ.

"ಮಿಸೆಸ್ ಲೋವೆಲ್, ಇದನ್ನ ತೆಗೆದಿದ್ದು ಯಾವಾಗ ಅಂದ್ರಿ?"

"ಮೂವತ್ತೆರಡು, ಬೇಸಿಗೆ. ಯಾಕೆ?"

"ಆಗೋಕೆ ಸಾಧ್ಯವೇ ಇಲ್ವಲ್ಲ."

"ಏನು ಆಗೋಕೆ?"

"ಈ ಲಾರಿ ಸೈನ್ಯಕ್ಕೆ ಬಂದಿದ್ದೇ ಮೂವತ್ನಾಲ್ಕರಲ್ಲಿ. ಮೂವತ್ತೆರಡರಲ್ಲಿ ತೀರ್ಕೊಂಡೋರು ಬಂದು ಅದರ ಮುಂದೆ ಹೇಗೆ ನಿಂತ್ಕೋತಾರೆ?"

ನಾನು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ ಲೋರ್ನಾ. ಆದರೆ ಒಳ್ಳೆಯ ಮನಸ್ಸಿನಿಂದಲೂ ಹೇಳಲಿಲ್ಲ. ಕಷ್ಟದ ಲೆಕ್ಕ ಬಿಡಿಸಿದವನ ಹೆಮ್ಮೆಯಿಂದ ಹೇಳಿದೆ. ನನ್ನ ಮುಖದಲ್ಲಿ ನಗು ಕೂಡ ಇತ್ತು. ಅದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಆಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಎಲೆನ್ ಫೋರ್ಕ್ ಕೆಳಗಿಟ್ಟಳು. "ನಾನು ಪ್ರೀತಿ ಮಾಡಿದ್ದು ಹುಡುಗನ್ನ ಎಡ್ವಿನ್, ಅವನ ಲಾರಿನಲ್ಲ. ಅದು ಯಾವ ವರ್ಷದ್ದು ಅಂತ ಕೇಳೋಕೆ ನಂಗೆ ಹೊಳೀಲಿಲ್ಲ."

ಮ್ಯೂರಿಯಲ್ ಕಾರ್ಡನ್ನು ಸರಿಸಿ ಹುಡುಗನ ಮುಖ ನೋಡುತ್ತಿದ್ದಳು. "ಹಾಗಾದ್ರೆ ಇದು ಯಾರಮ್ಮ?"

"ನಿಮ್ಮಪ್ಪ."

"ಅಪ್ಪ ಸತ್ತು ಎರಡು ವರ್ಷ ಆದ್ಮೇಲೆ ತೆಗೆದಿದ್ದು ಅಂತಿದಾರಲ್ಲ ಇವರು."

"ಇವರು ಏನಾದ್ರೂ ಅನ್ನಲಿ."

"ಇವರಿಗೆ ಲಾರಿ ವಿಷಯದಲ್ಲಿ ತಪ್ಪಾಗಲ್ಲ ಅಮ್ಮ. ಬೇರೆ ಎಲ್ಲದರಲ್ಲೂ ಆಗುತ್ತೆ, ಇದರಲ್ಲಿ ಆಗಲ್ಲ."

ಈ ಮಾತನ್ನು ನಾನು ಹದಿನೇಳು ವರ್ಷದಿಂದ ಹೊತ್ತುಕೊಂಡಿದ್ದೇನೆ. ನನ್ನ ಹೆಂಡತಿ ನನ್ನ ಬಗ್ಗೆ ಆಡಿದ ಅತಿ ದೊಡ್ಡ ಮೆಚ್ಚುಗೆಯ ಮಾತು ಅದು.

"ನಾನು ಹೇಳೋದು ಇಷ್ಟೇ," ಎಂದಳು ಎಲೆನ್. "ಮೊದಲೂ ಇದೇ ಹೇಳಿದೆ, ಈಗಲೂ ಇದೇ."

"ಬೇರೆ ಯಾರೋ ಇದ್ರೆ ಹೇಳ್ಬಿಡಮ್ಮ. ನಂಗೀಗ ನಲವತ್ತೈದು. ಬೇಜಾರಿಲ್ಲ."

ಎಲೆನ್ ಎದ್ದು ಟೋಪಿ ಹಾಕಿಕೊಂಡು, ಅದರ ಪಿನ್ನು ಚುಚ್ಚಿಕೊಂಡಳು. ಎರಡು ಸಲ ತಪ್ಪಿತು. ಬಾಗಿಲಲ್ಲಿ ನಿಂತು, "ಸಾಸ್ ಚೆನ್ನಾಗಿತ್ತು ಮ್ಯೂರಿಯಲ್" ಎಂದು ಹೇಳಿ ಬಸ್ಸಿಗೆ ಹೋದಳು. ತಟ್ಟೆಯಲ್ಲಿ ಮಾಂಸ ಹಾಗೇ ಇತ್ತು.

ಮಾರನೆಯ ದಿನ ನಿನ್ನ ಅಮ್ಮ ಫೋಟೋವನ್ನು ಲಕೋಟೆಯಲ್ಲಿ ಹಾಕಿ ಆಕೆಗೆ ಅಂಚೆಯಲ್ಲಿ ಕಳಿಸಿದಳು. ಜೊತೆಗೆ ಒಂದು ಚೀಟಿ: ನಿಜ ಹೇಳಬೇಕು ಅನಿಸಿದ ದಿನ ಬಾ. ಎಲೆನ್ ಬರಲಿಲ್ಲ. ಹೇಗೆ ಬರುತ್ತಾಳೆ ಮಗಳೇ, ಹೇಳಲು ಆಕೆಯ ಹತ್ತಿರ ಬೇರೆ ನಿಜ ಇರಲಿಲ್ಲ.

ಆಮೇಲಿನದು ನಿನಗೂ ಗೊತ್ತು. ಕ್ರಿಸ್‌ಮಸ್‌ಗೆ ಕಾರ್ಡು, ಅದರೊಳಗೆ ಬರೀ ಹೆಸರು. ಎಂಬತ್ತೊಂದರ ಫೆಬ್ರವರಿಯಲ್ಲಿ ಎಲೆನ್ ತೀರಿಕೊಂಡಾಗ ಮ್ಯೂರಿಯಲ್ ಸ್ಮಶಾನದ ಗೇಟಿನವರೆಗೆ ಬಂದು ಅಲ್ಲೇ ನಿಂತಳು, ಒಳಗೆ ಬರಲಿಲ್ಲ. ಎಲೆನ್‌ಳ ನೆರೆಯವಳು ಒಂದು ಬಿಸ್ಕತ್ತಿನ ಡಬ್ಬಿ ತಂದುಕೊಟ್ಟಳು, ನಿಮ್ಮಮ್ಮನದು ಎಂದು. ಮ್ಯೂರಿಯಲ್ ಅದನ್ನು ತೆರೆಯದೆ ಕಪಾಟಿನ ಮೇಲೆ ಹಾಕಿದಳು. ಒಮ್ಮೆ ಪಾತ್ರೆ ಒರೆಸುತ್ತಾ, ನನಗೆಂದಲ್ಲ, ಕಿಟಕಿಗೆ ಹೇಳುವ ಹಾಗೆ ಹೇಳಿದಳು: "ಅಪ್ಪ ಇಲ್ಲ ಅನ್ನೋದನ್ನ ತಡ್ಕೋಬಹುದು. ಅಪ್ಪ ಯಾರೋ ಗೊತ್ತಿಲ್ಲ ಅಂದ್ರೆ ನನ್ನ ಮೂಗು ಯಾರದ್ದು, ಈ ಸಿಟ್ಟು ಯಾರದ್ದು ಅಂತ ದಿನಾ ಅನ್ಸುತ್ತೆ." ಬೀದಿಯಲ್ಲಿ ವಯಸ್ಸಾದ ಗಂಡಸರ ಮುಖವನ್ನು ಅವಳು ದಿಟ್ಟಿಸಿ ನೋಡುವ ಅಭ್ಯಾಸ ಶುರುವಾದದ್ದು ಆಗಲೇ. ನೀನು ಅದನ್ನು ಗಮನಿಸಿ ನನ್ನನ್ನು ಕೇಳಿದ್ದೆ. ಕಣ್ಣು ಮಂದವಾಗಿರಬೇಕು ಎಂದಿದ್ದೆ ನಾನು.

ಇನ್ನು ತಪ್ಪು ಹೇಗೆ ತಿಳಿಯಿತು ಎಂದು ಹೇಳಬೇಕು. ಮೇ ತಿಂಗಳಲ್ಲಿ ಶ್ರೂಸ್‌ಬರಿಯಿಂದ ಒಂದು ಪೊಟ್ಟಣ ಬಂತು. ಕಳಿಸಿದವರು ಮಿಸೆಸ್ ಮ್ಯಾಡಾಕ್ಸ್ ಎನ್ನುವ ಮುದುಕಿ. ಗಂಡ ಲಾರಿ ಕಾರ್ಖಾನೆಯೊಂದರಲ್ಲಿ ಪರೀಕ್ಷಾ ಚಾಲಕನಾಗಿದ್ದನಂತೆ. ಅವನು ತೀರಿಕೊಂಡ ಮೇಲೆ ಆರು ಫೋಟೋ ಸಿಕ್ಕಿವೆ, ಇವು ಯಾವ ಲಾರಿಗಳು, ದಯವಿಟ್ಟು ತಿಳಿಸಿ ಎಂದು ಬರೆದಿದ್ದಳು. ಎಂದಿನಂತೆ ಮನುಷ್ಯರನ್ನು ಮುಚ್ಚಿಕೊಂಡು ಒಂದೊಂದೇ ನೋಡುತ್ತಾ ಬಂದೆ. ನಾಲ್ಕನೆಯದರಲ್ಲಿ ಅದೇ ಲಾರಿ. ಅದೇ ಅಂದರೆ ಅದೇ ಜಾತಿಯದಲ್ಲ, ಸಾಕ್ಷಾತ್ ಅದೇ. ಮುಂದಿನ ಬಲಗಾಲಿಯ ಮಡ್‌ಗಾರ್ಡಿನ ತುದಿ ನಾಯಿ ಕಚ್ಚಿದ ರೊಟ್ಟಿಯ ಹಾಗೆ ನಜ್ಜಾಗಿತ್ತು. ನಮ್ಮ ಮನೆಯ ಫೋಟೋದಲ್ಲೂ ಹಾಗೇ ಇತ್ತು, ನೀನು ಬೆರಳಿಟ್ಟು "ತಾತನ ಗಾಡಿಗೆ ಗಾಯ" ಎನ್ನುತ್ತಿದ್ದೆ. ಮುಂಭಾಗದಲ್ಲಿ ನಂಬರಿನ ಫಲಕವನ್ನು ಚರ್ಮದ ಬಾರಿನಿಂದ ಕಟ್ಟಲಾಗಿತ್ತು. ಮಾರಾಟವಾಗದ ಗಾಡಿಯನ್ನು ಪರೀಕ್ಷೆಗೆ ಒಯ್ಯುವಾಗ ಕಾರ್ಖಾನೆಯವರು ಹೀಗೆ ಕಟ್ಟಿ, ಬಿಚ್ಚಿ, ಇನ್ನೊಂದಕ್ಕೆ ಕಟ್ಟುತ್ತಾರೆ. ಅಂದರೆ ಸೈನ್ಯ ಆ ಲಾರಿಯನ್ನು ಕೊಳ್ಳುವ ಎರಡು ವರ್ಷ ಮೊದಲೇ ಅದರ ಮೊದಲ ಮಾದರಿಯನ್ನು ಬೆಟ್ಟದ ಮೇಲೆ ಓಡಿಸಿ ನೋಡಿದ್ದಾರೆ. ಮಾದರಿಗಳು ನಮ್ಮ ಪಟ್ಟಿಯಲ್ಲಿ ಇರುವುದಿಲ್ಲ. ಕೊಂಡವು ಮಾತ್ರ ಇರುತ್ತವೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ.

ಕಾರ್ಡು ತೆಗೆದೆ. ಲಾರಿಯ ಮೆಟ್ಟಿಲ ಮೇಲೆ ಮೂವರು ಕೂತು ಬ್ರೆಡ್ ತಿನ್ನುತ್ತಿದ್ದರು. ನಡುವಿನವನು ಟೋಪಿ ಓರೆಮಾಡಿಕೊಂಡಿದ್ದ. ಹಿಂದೆ ಪೆನ್ಸಿಲಿನಲ್ಲಿ ಬರೆದಿತ್ತು: ಜುಲೈ 1932. ಸೈನ್ಯದಿಂದ ಬಂದ ಟ್ರಾಂಟರ್, ನಾನು, ಡಿಕ್.

ಆಮೇಲೆ ಕಪಾಟಿನ ಮೇಲಿನ ಡಬ್ಬಿ ಇಳಿಸಿದೆ. ನಮ್ಮ ಫೋಟೋ ಒಳಗೇ ಇತ್ತು, ನಿನ್ನ ಅಮ್ಮನ ಚೀಟಿಯ ಸಮೇತ. ಭೂತಗನ್ನಡಿಯಲ್ಲಿ ನೋಡಿದೆ. ಈ ಸಲ ಏನನ್ನೂ ಮುಚ್ಚಲಿಲ್ಲ. ಹುಡುಗನ ಮುಂದಿಟ್ಟ ಕಾಲು ನಂಬರ್ ಫಲಕಕ್ಕೆ ಅಡ್ಡ ಬಂದಿದೆ. ಆದರೆ ಅವನ ಬೂಟಿನ ಪಕ್ಕದಲ್ಲಿ, ಒಂದು ಬೆರಳಿನಷ್ಟು, ಚರ್ಮದ ಬಾರಿನ ತುದಿ ಜೋತುಬಿದ್ದಿದೆ. ನೋಡಿದ್ದರೆ ನನಗೆ ಒಂದೇ ಕ್ಷಣದಲ್ಲಿ ತಿಳಿಯುತ್ತಿತ್ತು. ಆದರೆ ಆ ಭಾನುವಾರ ಅದು ನನ್ನ ಕಾರ್ಡಿನ ಕೆಳಗಿತ್ತು. ಮನುಷ್ಯನನ್ನು ಮುಚ್ಚಿದಾಗ ಅದನ್ನೂ ಮುಚ್ಚಿದ್ದೆ. ಮ್ಯೂರಿಯಲ್ ಕಾರ್ಡು ಸರಿಸಿದಾಗ ನಾನು ತಿರುಗಿ ನೋಡಲಿಲ್ಲ. ನನ್ನ ಕೆಲಸ ಮುಗಿದಿತ್ತಲ್ಲ.

ಕ್ಲೆಮ್‌ಗೆ ಹೋದ ವಾರ ಎರಡನ್ನೂ ತೋರಿಸಿದೆ. ಅವನು ಬಹಳ ಹೊತ್ತು ನೋಡಿ, "ಪಟ್ಟಿ ತಪ್ಪಿಲ್ಲ ಎಡ್ವಿನ್, ಪಟ್ಟಿ ಸರಿಯಾಗೇ ಇದೆ," ಎಂದ.

"ಹೌದು ಕ್ಲೆಮ್, ಪಟ್ಟಿ ಸರಿಯಾಗೇ ಇದೆ," ಎಂದೆ. ಇಬ್ಬರೂ ಚಹಾ ಕುಡಿದೆವು.

ಆದ್ದರಿಂದ ನಿನ್ನ ಅಜ್ಜಿ ಸುಳ್ಳು ಹೇಳಲಿಲ್ಲ ಲೋರ್ನಾ. ಒಂದು ಅಕ್ಷರವೂ ಸುಳ್ಳಲ್ಲ. ಹುಡುಗ, ಬೇಸಿಗೆ, ಬೆಟ್ಟ, ಎಲ್ಲ ನಿಜ. ನಿನ್ನ ಅಜ್ಜನ ಹೆಸರು ಆಲ್ಫ್ರೆಡ್ ಟ್ರಾಂಟರ್. ಎರಡೂ ಫೋಟೋ ಇದರ ಜೊತೆಗಿಟ್ಟಿದ್ದೇನೆ, ಮಡಚದಿರಲೆಂದು ರಟ್ಟು ಹಾಕಿದ್ದೇನೆ. ಒಂದು ಡಬ್ಬಿಯಲ್ಲಿದ್ದದ್ದು. ಇನ್ನೊಂದು ಮಿಸೆಸ್ ಮ್ಯಾಡಾಕ್ಸ್‌ರನ್ನು ಕೇಳಿ ತೆಗೆಸಿಕೊಂಡ ಪ್ರತಿ. ಮೂಗು ನೋಡು.

ಟಾಮ್ಸೆಟ್‌ಗೆ ನೀನೇ ಬರೆ. ಅಕ್ಷರ ನೀನೇ ತೀರ್ಮಾನ ಮಾಡು. ನನ್ನ ಆಸೆ ಇಷ್ಟೇ: "ಎಲೆನ್ ಲೋವೆಲ್ ಮತ್ತು ಆಲ್ಫ್ರೆಡ್ ಟ್ರಾಂಟರ್ ಇವರ ಮಗಳು" ಎನ್ನುವ ಸಾಲು ಎಲ್ಲಕ್ಕಿಂತ ಮೇಲೆ ಬರಲಿ. ಆ ಇಬ್ಬರ ಹೆಸರು ಚರ್ಚಿನ ಮದುವೆ ಪುಸ್ತಕದಲ್ಲಿ ಜೊತೆಯಾಗಿ ಬರೆಯುವುದಕ್ಕೆ ಆಗಲಿಲ್ಲ. ಕಲ್ಲಿನ ಮೇಲಾದರೂ ಇರಲಿ.

ಶಾಲು ಹೊದ್ದುಕೊಳ್ಳದೆ ಪಾಳಿಗೆ ಹೋಗಬೇಡ. ಗಂಡನಿಗೆ ನನ್ನ ನೆನಕೆ ತಿಳಿಸು. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ, ನಿಮ್ಮ ಮನೆಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ನಂಬುವಂತಾಗಲಿ.

ನಿನ್ನ ಅಪ್ಪ,
ಎಡ್ವಿನ್ ಪರ್ಕಿಸ್

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ.

ಪೊಟ್ಟಣ ಬಂದದ್ದು ಮೇ ತಿಂಗಳಲ್ಲಿ ಎಂದು ಬರೆದಿದ್ದೇನೆ. ಅದು ಸುಳ್ಳು. ಬಂದದ್ದು 1993ರ ಮಾರ್ಚ್ ನಾಲ್ಕನೇ ತಾರೀಕು, ಗುರುವಾರ. ನಿನ್ನ ಅಮ್ಮ ತೀರಿಕೊಂಡದ್ದು ಇಪ್ಪತ್ತಮೂರಕ್ಕೆ.

ಅವಳ ಮಂಚವನ್ನು ಆಗ ಕೆಳಗಿನ ಮುಂದಿನ ಕೋಣೆಗೆ ಇಳಿಸಿದ್ದೆವು, ನೆನಪಿದೆಯಲ್ಲ. ನೀನು ಹಿಂದಿನ ಭಾನುವಾರ ಬಂದು ಹೋಗಿದ್ದೆ. ನಾನು ಮೇಲೆ ಸ್ಟೂಲು ಎಳೆದು ಡಬ್ಬಿ ಇಳಿಸುವ ಸದ್ದು ಅವಳಿಗೆ ಕೇಳಿಸಿತು. "ಎಡ್ವಿನ್, ಮೇಲೆ ಏನ್ಮಾಡ್ತಿದ್ದೀರಿ?" ಎಂದು ಕೂಗಿದಳು. "ಕಂಬಳಿ ಹುಡುಕ್ತಿದ್ದೀನಿ" ಎಂದೆ. ಹೇಳಿದ ಮೇಲೆ ತರಬೇಕಲ್ಲ, ತಂದೆ. "ನಂಗೆ ಬೆಚ್ಚಗೇ ಇದೆ" ಎಂದಳು. ಆದರೂ ಹೊದಿಸಿದೆ. "ಅಂಚೆಯಲ್ಲಿ ಏನು ಬಂತು?" ಎಂದು ಕೇಳಿದಳು. "ಏನಿಲ್ಲ, ಒಂದು ಕ್ರಾಸ್ಲಿ" ಎಂದೆ.

ಮಿಸೆಸ್ ಮ್ಯಾಡಾಕ್ಸ್‌ಗೆ ಮೂರೇ ದಿನದಲ್ಲಿ ಉತ್ತರ ಬರೆದೆ. ಎರಡು ಪುಟ, ಎಲ್ಲ ವಿವರ, ಎಲ್ಲ ಸರಿಯಾಗಿ. ಆಕೆ ಧನ್ಯವಾದ ಹೇಳಿ ಕೇಕ್ ಕಳಿಸಿದಳು.

ಮ್ಯೂರಿಯಲ್ ಸಾಯುತ್ತಿದ್ದಾಳೆ, ಈಗ ಅವಳ ಮನಸ್ಸು ಕದಡುವುದು ಯಾಕೆ ಎಂದುಕೊಂಡೆ. ಎರಡು ವರ್ಷ ನನಗೆ ನಾನು ಹೇಳಿಕೊಂಡದ್ದು ಇದನ್ನೇ. ನೀನು ನರ್ಸ್, ಇಂಥ ಮಾತನ್ನು ಎಷ್ಟು ಗಂಡಂದಿರ ಬಾಯಿಂದ ಕೇಳಿರುತ್ತೀಯೋ. ನಿಜ ಏನೆಂದರೆ, ಅವಳು ನನ್ನನ್ನು ನೋಡುವ ನೋಟವನ್ನು ಎದುರಿಸುವುದಕ್ಕೆ ನನ್ನಿಂದ ಆಗುತ್ತಿರಲಿಲ್ಲ. ಹತ್ತೊಂಬತ್ತು ದಿನ ಇದ್ದವು. ಒಂದೇ ಒಂದು ವಾಕ್ಯ ಬೇಕಾಗಿತ್ತು.

ಹದಿನೇಳಕ್ಕೋ ಹದಿನೆಂಟಕ್ಕೋ, ಮಧ್ಯಾಹ್ನ, ಸೂಪ್ ಕುಡಿಸುತ್ತಿದ್ದಾಗ ಅವಳೇ ಹೇಳಿದಳು: "ಅಮ್ಮ ಒಂದೇ ಒಂದು ಸಲ ನಿಜ ಹೇಳಿದ್ದಿದ್ರೆ ಸಾಕಿತ್ತು ಎಡ್ವಿನ್. ನಾನೇನು ಅವಳನ್ನ ತಿಂದುಬಿಡ್ತಿದ್ನಾ? ಗೇಟಿನ ಒಳಗೆ ಬರ್ತಿದ್ದೆ." ನಾನು ಚಮಚ ಹಿಡಿದುಕೊಂಡು ಕೂತಿದ್ದೆ. "ಆರೋಗುತ್ತೆ, ಕುಡಿ" ಎಂದೆ.

ಕಲ್ಲಿನ ಮೇಲೆ "ಎಡ್ವಿನ್ ಹೆಂಡತಿ" ಎನ್ನುವ ಸಾಲು ಇರಬೇಕೋ ಬೇಡವೋ, ಅದನ್ನೂ ನೀನೇ ತೀರ್ಮಾನ ಮಾಡು. ಬೇಡವೆಂದರೆ ನಾನು ಕೇಳುವುದಿಲ್ಲ. ಇನ್ನೂ ಏನೋ ಬರೆಯಬೇಕೆಂದಿದ್ದೆ. ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ, ಸಾಲು ಎಲ್ಲಿದೆಯೆಂದು ಕಾಣುತ್ತಿಲ್ಲ.